ಗಣಿತದ ತರಗತಿಯಲ್ಲಿ ‘ಏಕೆ’

ಕನ್ನಡ ಪಂಡಿತನಿಗೆ ಗಣಿತದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಸಂಶಯ ನ್ಯಾಯವಾದದ್ದೇ. ಆದರೆ ಪ್ರೌಢಶಾಲೆಗಳಲ್ಲಿ ಒಬ್ಬ ಉಪಾಧ್ಯಾಯರು ರಜೆ ಹಾಕಿದರೆ ಆ ಪಾಠದ ವೇಳೆಗೆ ಬಿಡುವಾಗಿರುವ ಇನ್ನೊಬ್ಬರು ಹೋಗಿ ಕೂಡಬೇಕಾಗುತ್ತದೆ. ಹಾಗೆ ಒಂದು ಮಧ್ಯಾಹ್ನ ನಾನು ಹತ್ತನೆಯ ತರಗತಿಗೆ ಹೋದೆ. ಹಲಗೆಯ ಮೇಲೆ ಹಿಂದಿನ ದಿನದ ತ್ರಿಭುಜ ಇನ್ನೂ ಅಳಿಸದೆ ಇದ್ದಿತು. ಮುಂದಿನ ಬೆಂಚಿನ ಹುಡುಗನೊಬ್ಬನನ್ನು, “ಅದೇನಪ್ಪ, ಸ್ವಲ್ಪ ಹೇಳು” ಎಂದೆ. ಅದು ಪೈಥಾಗೊರಸನ ಪ್ರಮೇಯ. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ಭಾಗಗಳನ್ನೂ ಹುಡುಗ ಒಂದೇ ಉಸಿರಿನಲ್ಲಿ ಒಪ್ಪಿಸಿದ. ನನಗೆ ಸಂತೋಷವಾಯಿತು. ಏನೋ ಒಂದು ಕುತೂಹಲದಿಂದ ಹಲಗೆ ಒರೆಸಿ, ಅದೇ ತ್ರಿಭುಜವನ್ನು ಸ್ವಲ್ಪ ವಾಲಿಸಿ ಬರೆದು, ಎ, ಬಿ, ಸಿ ಇದ್ದಲ್ಲಿ ಪ, ಫ, ಬ ಎಂದು ಗುರುತು ಹಾಕಿ, “ಈಗ ಹೇಳು” ಎಂದೆ. ಹುಡುಗ ಬಹಳ ಹೊತ್ತು ನೋಡಿದ. ಕೊನೆಗೆ, “ಇದು ಪುಸ್ತಕದಲ್ಲಿಲ್ಲ ಸಾರ್” ಎಂದ.

ಆ ಹುಡುಗ ದಡ್ಡನಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುವವನೇ. ನಾಲ್ಕು ಅಂಕದ ಉತ್ತರ ಅವನ ನಾಲಗೆಯ ತುದಿಯಲ್ಲಿದ್ದಿತು. ಇಲ್ಲದಿದ್ದುದು ಒಂದೇ: ಒಂದು ಸಾಲಿನಿಂದ ಮುಂದಿನ ಸಾಲಿಗೆ ಏಕೆ ಹೋದೆವು ಎಂಬ ಅರಿವು. ಮಕ್ಕಳಿಗೆ ಗಣಿತವನ್ನು ಏಕೆ ಕಲಿಸುತ್ತೇವೆ ಎಂದು ಕೇಳಿದರೆ ತಂದೆತಾಯಂದಿರೂ ಉಪಾಧ್ಯಾಯರೂ ಒಟ್ಟಿಗೆ ಕೊಡುವ ಉತ್ತರ, ‘ತರ್ಕಶಕ್ತಿ ಬೆಳೆಯಲೆಂದು’ ಎಂಬುದು. ಈ ನಂಬಿಕೆ ಎಷ್ಟು ಹಳೆಯದು, ಅದಕ್ಕೆ ಆಧಾರವೇನು ಎಂದು ಆ ದಿನದಿಂದ ನಾನು ಓದತೊಡಗಿದೆ. ಪಂಡಿತನಾದ್ದರಿಂದ ಮೊದಲು ಹಳೆಯ ಗ್ರಂಥಗಳ ಕಡೆಗೇ ಹೋದೆನೆಂದು ಹೇಳಬೇಕಾಗಿಲ್ಲ.

ನಮ್ಮ ಪ್ರಾಚೀನರು ಸೂತ್ರಗಳನ್ನು ಹೇಳಿದರೇ ಹೊರತು ಕಾರಣ ಹೇಳಲಿಲ್ಲ ಎಂಬ ಮಾತು ಬಹುಕಾಲ ಪ್ರಚಾರದಲ್ಲಿದ್ದಿತು. ಮೂಲಗ್ರಂಥಗಳನ್ನು ಮಾತ್ರ ನೋಡಿದರೆ ಹಾಗೆ ಕಾಣುವುದು ಸಹಜ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಸೂತ್ರವಾದ ಮೇಲೆ ಲೆಕ್ಕ, ಲೆಕ್ಕವಾದ ಮೇಲೆ ಸೂತ್ರ. ಹನ್ನೆರಡನೆಯ ಶತಮಾನದ ನಮ್ಮ ರಾಜಾದಿತ್ಯನ ‘ವ್ಯವಹಾರಗಣಿತ’ದ ದಾರಿಯೂ ಇದೇ. ಆದರೂ ಮಹಾವೀರನಲ್ಲಿ ಒಂದು ಕಡೆ ಕಾರಣ ಇಣುಕುತ್ತದೆ. ಋಣಸಂಖ್ಯೆಗೆ ವರ್ಗಮೂಲವುಂಟೆ ಎಂಬ ಪ್ರಶ್ನೆಗೆ ಅವನು ‘ಇಲ್ಲ’ ಎಂದಷ್ಟೆ ಹೇಳಿ ಸುಮ್ಮನಾಗಲಿಲ್ಲ. ಧನವನ್ನು ವರ್ಗ ಮಾಡಿದರೂ ಧನ, ಋಣವನ್ನು ವರ್ಗ ಮಾಡಿದರೂ ಧನ. ಆದ್ದರಿಂದ ಋಣಸಂಖ್ಯೆ ಯಾವುದರ ವರ್ಗವೂ ಆಗಲಾರದು. ವರ್ಗವೇ ಅಲ್ಲದ್ದಕ್ಕೆ ಮೂಲ ಎಲ್ಲಿಂದ ಬಂದೀತು? ಒಂದೇ ಶ್ಲೋಕದಲ್ಲಿ ಪೂರ್ತಿ ವಾದ ಮುಗಿದಿದೆ. ಅದೇ ಮಹಾವೀರನು, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದಂತೆಯೇ ಇರುತ್ತದೆ ಎಂದು ಇನ್ನೊಂದೆಡೆ ಹೇಳಿ ಎಡವಿದ್ದಾನೆ. ಅಲ್ಲಿ ಮಾತ್ರ ಕಾರಣ ಹೇಳಿಲ್ಲ. ಹೇಳಲು ಹೋಗಿದ್ದರೆ ತಪ್ಪು ಅವನಿಗೇ ಹೊಳೆಯುತ್ತಿತ್ತೇನೋ.

ಕಾರಣ ಹೇಳುವುದಕ್ಕೆ ನಮ್ಮ ಶಾಸ್ತ್ರದಲ್ಲಿ ‘ಉಪಪತ್ತಿ’ ಎಂಬ ಹೆಸರುಂಟು. ‘ಯುಕ್ತಿ’ ಎಂದೂ ಹೇಳುವುದುಂಟು. 1114ರಲ್ಲಿ ಹುಟ್ಟಿ, 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯನು ಉಪಪತ್ತಿಯ ವಿಷಯದಲ್ಲಿ ಬಹಳ ಖಂಡಿತವಾದಿ. ಉಪಪತ್ತಿಯನ್ನರಿಯದ ಗಣಕನಿಗೆ ವಿದ್ವತ್ಸಭೆಯಲ್ಲಿ ಮರ್ಯಾದೆಯಿಲ್ಲ, ಸ್ವತಃ ಅವನ ಸಂಶಯವೂ ತೀರುವುದಿಲ್ಲ ಎಂಬುದು ಅವನ ಅಭಿಪ್ರಾಯ. ಎರಡನೆಯ ಕಾರಣವನ್ನು ಓದುಗರು ಗಮನಿಸಬೇಕು. ಸಭೆಯವರು ಒಪ್ಪಲಿ ಬಿಡಲಿ, ತನ್ನ ಮನಸ್ಸಿಗೆ ನೆಮ್ಮದಿಯಾಗುವುದಿಲ್ಲ ಎನ್ನುತ್ತಾನೆ.

ಅವನ ‘ಬೀಜಗಣಿತ’ದಲ್ಲಿ ಒಂದು ಪ್ರಶ್ನೆ ಹೀಗಿದೆ: ಭುಜ 15, ಕೋಟಿ 20 ಆದ ಕ್ಷೇತ್ರದಲ್ಲಿ ಕರ್ಣವೆಷ್ಟು? ಇಷ್ಟಕ್ಕೇ ಬಿಟ್ಟಿದ್ದರೆ ಅದು ಮಾಮೂಲು ಲೆಕ್ಕವಾಗುತ್ತಿತ್ತು. ಎಲ್ಲರೂ ರೂಢಿಯಿಂದ ಮಾಡುವ ಈ ಗಣಿತಕ್ಕೆ ಉಪಪತ್ತಿಯನ್ನೂ ಹೇಳಬೇಕೆಂದು ಅದೇ ಪ್ರಶ್ನೆಯಲ್ಲಿ ಸೇರಿಸಿದ್ದಾನೆ. ಎಂಟುನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಪ್ರಶ್ನೆಪತ್ರಿಕೆಯಲ್ಲಿ ‘ಸಾಧಿಸಿ’ ಎಂಬ ಮಾತು! ಉತ್ತರವೂ ಸೊಗಸಾಗಿದೆ. ಅಂಥ ನಾಲ್ಕು ತ್ರಿಭುಜಗಳನ್ನು ಕರ್ಣಗಳು ಹೊರಗಿರುವಂತೆ ಸುತ್ತ ಜೋಡಿಸಿದರೆ ಒಂದು ದೊಡ್ಡ ಚೌಕವಾಗುತ್ತದೆ. ನಡುವೆ ಒಂದು ಸಣ್ಣ ಚೌಕ ಉಳಿಯುತ್ತದೆ. ಅದರ ಬಾಹು 20ರಲ್ಲಿ 15 ಕಳೆದರೆ ಬರುವ 5. ಒಂದೊಂದು ತ್ರಿಭುಜದ ಕ್ಷೇತ್ರಫಲ 150, ನಾಲ್ಕಕ್ಕೆ 600, ನಡುವಿನ ಚೌಕಕ್ಕೆ 25, ಒಟ್ಟು 625. ಆದ್ದರಿಂದ ಕರ್ಣ 25. ಮನೆಯಲ್ಲಿ ಮಕ್ಕಳಿದ್ದರೆ ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಕತ್ತರಿಸಿ ಇದನ್ನು ಮಾಡಿಸಬಹುದು. ಇಲ್ಲಿ ಎ, ಬಿ, ಸಿ ಬೇಕಿಲ್ಲ, ಪ, ಫ, ಬ ಕೂಡ ಬೇಕಿಲ್ಲ.

ಭಾಸ್ಕರನ ಗ್ರಂಥಗಳ ಅಧ್ಯಯನಕ್ಕಾಗಿ ಅವನ ಮೊಮ್ಮಗ ಚಂಗದೇವನು ಮಠವೊಂದನ್ನು ಸ್ಥಾಪಿಸಿದನೆಂದು 1207ರ ಪಾಟಣದ ಶಾಸನದಿಂದ ತಿಳಿದುಬರುತ್ತದೆ. ಉಪಪತ್ತಿಗಳೆಲ್ಲ ಇಂಥ ಕಡೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹೋದವು, ಗ್ರಂಥಸ್ಥವಾದದ್ದು ವ್ಯಾಖ್ಯಾನಗಳಲ್ಲಿ. 1545ರಲ್ಲಿ ಗಣೇಶ ದೈವಜ್ಞನು ‘ಲೀಲಾವತಿ’ಗೆ ‘ಬುದ್ಧಿವಿಲಾಸಿನಿ’ಯನ್ನು ಬರೆದನು. ಅದಕ್ಕಿಂತ ತುಸು ಮೊದಲು ಕೇರಳದ ಜ್ಯೇಷ್ಠದೇವನು ‘ಯುಕ್ತಿಭಾಷಾ’ ಎಂಬ ಗ್ರಂಥವನ್ನು ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ ಬರೆದನು. ಆದಿಯಿಂದ ಅಂತ್ಯದವರೆಗೆ ಬರಿಯ ಯುಕ್ತಿಗಳೇ. ನೆರೆಯ ಭಾಷೆಗೆ ಬಂದ ಆ ಭಾಗ್ಯವನ್ನು ಕಂಡು ಕನ್ನಡ ಪಂಡಿತನಿಗೆ ಸ್ವಲ್ಪ ಹೊಟ್ಟೆಕಿಚ್ಚಾದರೆ ತಪ್ಪಿಲ್ಲವೆಂದು ಭಾವಿಸುತ್ತೇನೆ.

ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದವನು ಕೃಷ್ಣ ದೈವಜ್ಞ. ಜಹಾಂಗೀರನ ಆಸ್ಥಾನದಲ್ಲಿ ಮನ್ನಣೆ ಪಡೆದವನು. ಸುಮಾರು 1600ರಲ್ಲಿ ಭಾಸ್ಕರನ ಬೀಜಗಣಿತಕ್ಕೆ ‘ಬೀಜಪಲ್ಲವ’ವೆಂಬ ವ್ಯಾಖ್ಯಾನ ಬರೆದವನು. ಅವನು ಎತ್ತುವ ಪ್ರಶ್ನೆ ಇದು: ಎರಡು ರಾಶಿಗಳ ವರ್ಗಗಳನ್ನು ಕೂಡಿಸಿ, ಅವುಗಳ ಗುಣಲಬ್ಧದ ಎರಡರಷ್ಟನ್ನು ಸೇರಿಸಿದರೆ ಮೊತ್ತದ ವರ್ಗ ಬರುತ್ತದೆ ಎನ್ನುತ್ತೇವೆ. ಹೇಗೆ ಗೊತ್ತು? ನಾಲ್ಕಾರು ಸಂಖ್ಯೆಗಳಲ್ಲಿ ನೋಡಿದೆವು, ಸರಿ ಬಂತು ಎಂದರೆ ಸಾಲದು ಎನ್ನುತ್ತಾನೆ. ಸಾಕೆಂದರೆ ಇನ್ನೊಂದು ಸುಳ್ಳನ್ನೂ ಒಪ್ಪಬೇಕಾಗುತ್ತದೆ: ಎರಡು ರಾಶಿಗಳ ಗುಣಲಬ್ಧದ ನಾಲ್ಕರಷ್ಟು ಅವುಗಳ ಮೊತ್ತದ ವರ್ಗಕ್ಕೆ ಸಮ ಎಂಬುದು. 2 ಮತ್ತು 2 ತೆಗೆದುಕೊಳ್ಳಿ: ಗುಣಲಬ್ಧ 4, ಅದರ ನಾಲ್ಕರಷ್ಟು 16, ಮೊತ್ತ 4, ಅದರ ವರ್ಗವೂ 16. 3 ಮತ್ತು 3: ಎರಡು ಕಡೆಯೂ 36. 4 ಮತ್ತು 4: ಎರಡು ಕಡೆಯೂ 64. ಮೂರು ಉದಾಹರಣೆ ಸರಿಹೋದವು. ಆದರೂ ಮಾತು ಸುಳ್ಳು. 2 ಮತ್ತು 3 ತೆಗೆದುಕೊಂಡು ನೋಡಿ: ಒಂದು ಕಡೆ 24, ಇನ್ನೊಂದು ಕಡೆ 25. ಆದಕಾರಣ ಕೆಲವು ಕಡೆ ಸರಿ ಕಂಡಿತೆಂಬುದು ಯಾವ ಲೆಕ್ಕಕ್ಕೂ ಬಾರದು, ಬೇರೆಲ್ಲೋ ವ್ಯಭಿಚಾರ ಬರಬಹುದು, ಯುಕ್ತಿಯನ್ನೇ ಹೇಳಬೇಕು. ‘ವ್ಯಭಿಚಾರ’ ಎಂದೊಡನೆ ಯಾರೂ ಮುಖ ಸಿಂಡರಿಸಬಾರದು. ನ್ಯಾಯಶಾಸ್ತ್ರದಲ್ಲಿ ಅದಕ್ಕೆ ನಿಯಮ ತಪ್ಪಿ ನಡೆಯುವುದು ಎಂದಷ್ಟೆ ಅರ್ಥ.

ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಕಾರಣ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಂಟನೆಯ ತರಗತಿಗೆ ಲೋಪಸಂಧಿ ಹೇಳಿಕೊಡುತ್ತಿದ್ದೆ. ಸ್ವರದ ಮುಂದೆ ಸ್ವರ ಬಂದರೆ ಹಿಂದಿನ ಸ್ವರ ಬಿದ್ದುಹೋಗುತ್ತದೆ ಎಂದು ಹೇಳಿ, ಊರು ಎಂಬುದಕ್ಕೆ ಅನ್ನು ಸೇರಿದರೆ ಊರನ್ನು, ಮಾತು ಎಂಬುದಕ್ಕೆ ಇಲ್ಲ ಸೇರಿದರೆ ಮಾತಿಲ್ಲ, ಬೇರೆ ಎಂಬುದಕ್ಕೆ ಒಬ್ಬ ಸೇರಿದರೆ ಬೇರೊಬ್ಬ ಎಂದು ಮೂರು ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಊರು ಊರನ್ನು ಆಗುವುದಾದರೆ ಗುರು ಗುರನ್ನು ಏಕೆ ಆಗುವುದಿಲ್ಲ, ಮೇಷ್ಟ್ರೆ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಅಧಿಕಪ್ರಸಂಗ ಮಾಡಬೇಡ, ಪುಸ್ತಕದಲ್ಲಿದ್ದಷ್ಟು ಬರೆದುಕೋ ಎಂದು ನಾನು ಗದರಿ ಕೂಡಿಸಿದೆ. ಆ ಹುಡುಗ ಆಮೇಲೆ ನನ್ನ ಪಾಠದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವನು ಕೇಳಿದ್ದು ಶುದ್ಧ ಕೃಷ್ಣ ದೈವಜ್ಞನ ಪ್ರಶ್ನೆ. ಉತ್ತರ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಹಳಗನ್ನಡದಲ್ಲಿ ಊರು ಎಂಬುದು ‘ಊರ್’ ಎಂಬ ವ್ಯಂಜನಾಂತ ಶಬ್ದ. ಕೊನೆಯ ಉಕಾರ ಉಚ್ಚಾರಣೆಯ ಸೌಕರ್ಯಕ್ಕೆ ಬಂದು ಸೇರಿದ್ದು. ಬಂದಷ್ಟೇ ಸುಲಭವಾಗಿ ಹೊರಟುಹೋಗುತ್ತದೆ. ‘ಗುರು’ವಿನ ಉಕಾರ ಹುಟ್ಟಿನಿಂದಲೇ ಇರುವುದು, ಅದು ಬೀಳುವುದಿಲ್ಲ, ವಕಾರವನ್ನು ಕರೆದುಕೊಂಡು ‘ಗುರುವನ್ನು’ ಎಂದಾಗುತ್ತದೆ. ಐದು ನಿಮಿಷದಲ್ಲಿ ಹೇಳಬಹುದಾಗಿತ್ತು. ಹೇಳಿದ್ದರೆ ಇಡೀ ತರಗತಿಗೆ ಸಂಧಿಪ್ರಕರಣ ಅರ್ಥವಾಗುತ್ತಿತ್ತು. ತರ್ಕವನ್ನು ಗಣಿತದ ಮೇಷ್ಟರ ತಲೆಗೆ ಕಟ್ಟಿ ನಾವು ಉಳಿದವರು ಕೈತೊಳೆದುಕೊಳ್ಳುವುದು ಎಷ್ಟು ಅನ್ಯಾಯವೆಂದು ಅಂದು ರಾತ್ರಿ ತಿಳಿಯಿತು.

ಇನ್ನು ಪಾಠಶಾಲೆಗಳ ಕಥೆ. ಉಪಪತ್ತಿ ವ್ಯಾಖ್ಯಾನಕಾರರ ಬಳಿ ಇದ್ದಿತೇ ಹೊರತು ಊರ ಕೂಲಿಮಠಕ್ಕೆ ಇಳಿಯಲಿಲ್ಲ. ಅಲ್ಲಿ ಐಗಳ ಮುಂದೆ ಮರಳಿನ ಮೇಲೆ ಬೆರಳಾಡಿಸುತ್ತ ಮಗ್ಗಿ, ಕಾಲು, ಅರೆ, ಮುಕ್ಕಾಲುಗಳನ್ನು ಬಾಯಿಪಾಠ ಮಾಡುವುದೇ ಗಣಿತ. ಅಂಗಡಿ ಲೆಕ್ಕಕ್ಕೆ ಅಷ್ಟು ಸಾಕಾಗಿದ್ದಿತು. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯದ ಯೂಕ್ಲಿಡ್ ಕೆಲವೇ ಸ್ವಯಂಸಿದ್ಧಗಳಿಂದ ಹೊರಟು ಪ್ರಮೇಯದ ಮೇಲೆ ಪ್ರಮೇಯವನ್ನಿಟ್ಟು ಹದಿಮೂರು ಭಾಗಗಳಲ್ಲಿ ಕಟ್ಟಿದ ರೇಖಾಗಣಿತವನ್ನು, ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟನು ಅರಬ್ಬಿಯಿಂದ ಸಂಸ್ಕೃತಕ್ಕೆ ತಂದನು. ಶಾಲೆಯ ಮಕ್ಕಳಿಗೆ ಮಾತ್ರ ಯೂಕ್ಲಿಡ್ ಬಂದದ್ದು ಇಂಗ್ಲಿಷಿನ ಮೂಲಕ. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದ ಮೇಲೆ ಮೆಟ್ರಿಕ್ಯುಲೇಷನ್ನಿನ ಹುಡುಗರೆಲ್ಲರೂ ಅವನನ್ನು ಕಲಿಯಬೇಕಾಯಿತು. ಬುದ್ಧಿಗೆ ಸಾಣೆ ಹಿಡಿಯಲು ಇದಕ್ಕಿಂತ ಬೇರಿಲ್ಲವೆಂದು ಆಗಿನವರ ನಂಬಿಕೆ. ಅಮೆರಿಕದ ಲಿಂಕನ್ ವಕೀಲನಾದ ಮೇಲೂ ಯೂಕ್ಲಿಡನ ಆರು ಭಾಗಗಳನ್ನು ಪಟ್ಟುಹಿಡಿದು ಕಲಿತುದಾಗಿ 1860ರಲ್ಲಿ ತನ್ನ ವೃತ್ತಾಂತದಲ್ಲಿ ಬರೆದುಕೊಂಡಿದ್ದಾನೆ. ನಮ್ಮ ಹುಡುಗರೋ, ಕೂಲಿಮಠದ ಅಭ್ಯಾಸಬಲದಿಂದ ಯೂಕ್ಲಿಡನನ್ನೂ ಮಗ್ಗಿಯಂತೆ ಉರುಹೊಡೆದರು. ನಮ್ಮವರನ್ನೇ ಹಳಿಯಬೇಕಾಗಿಲ್ಲ, ಇಂಗ್ಲೆಂಡಿನ ಹುಡುಗರೂ ಅದನ್ನೇ ಮಾಡುತ್ತಿದ್ದರು. ಅದಕ್ಕಾಗಿಯೇ 1871ರಲ್ಲಿ ರೇಖಾಗಣಿತದ ಬೋಧನೆಯನ್ನು ತಿದ್ದಲು ಅಲ್ಲಿಯ ಉಪಾಧ್ಯಾಯರು ಸಂಘ ಕಟ್ಟಿದರು. 1901ರಲ್ಲಿ ಗ್ಲಾಸ್ಗೋ ಸಭೆಯಲ್ಲಿ ಜಾನ್ ಪೆರಿ ಕಟುವಾಗಿ ಟೀಕಿಸಿದನು. 1903ರಲ್ಲಿ ಕೇಂಬ್ರಿಜ್‌ನವರು ಯೂಕ್ಲಿಡನ ಕ್ರಮವೇ ಆಗಬೇಕೆಂಬ ಹಟ ಬಿಟ್ಟರು. ಹಾಲ್ ಮತ್ತು ಸ್ಟೀವೆನ್ಸರ ಹೊಸ ರೇಖಾಗಣಿತ ನಮ್ಮಲ್ಲಿಗೂ ಬಂದಿತು. ಪುಸ್ತಕ ಬದಲಾಯಿತು, ಉರು ಬದಲಾಗಲಿಲ್ಲ.

ಆಮೇಲೆ ಒಬ್ಬನು ಬುಡಕ್ಕೇ ಕೊಡಲಿ ಹಾಕಿದನು. ರೇಖಾಗಣಿತ ಕಲಿತರೆ ತರ್ಕಶಕ್ತಿ ಬೆಳೆಯುತ್ತದೆಂಬುದು ನಿಜವೆ? ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 8,564 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ವರ್ಷದ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಪರೀಕ್ಷಿಸಿ, ಫಲವನ್ನು 1924ರಲ್ಲಿ ಪ್ರಕಟಿಸಿದನು. ಯಾವ ವಿಷಯ ಓದಿದರೆಂಬುದರಿಂದ ಆದ ವ್ಯತ್ಯಾಸ ಅತ್ಯಲ್ಪ. ಮೊದಲೇ ಚುರುಕಾಗಿದ್ದವರು ಯಾವುದನ್ನು ಓದಿದರೂ ಮುಂದೆ ಹೋಗಿದ್ದರು. ಗಣಿತದವರ ಅಭಿಮಾನಕ್ಕೆ ಇದೊಂದು ಪೆಟ್ಟು. ಆದರೆ ಅವನು ಅಳೆದದ್ದು ಆ ಕಾಲದಲ್ಲಿ ಪಾಠ ಹೇಗೆ ನಡೆಯುತ್ತಿತ್ತೋ ಅದರ ಫಲವನ್ನು. ಪ್ರಮೇಯವನ್ನು ಕಂಠಪಾಠ ಮಾಡಿದವನಿಗೆ ಕಂಠ ಬಲಿತೀತು. ಬುದ್ಧಿ ಏಕೆ ಬಲಿಯಬೇಕು?

ಹೀಗೆ ಆಲೋಚಿಸಿದವನು ಅಮೆರಿಕದ ಓಹಾಯೋದಲ್ಲಿದ್ದ ಹೆರಾಲ್ಡ್ ಫಾಸೆಟ್ ಎಂಬ ಶಾಲಾ ಉಪಾಧ್ಯಾಯ. ಅವನು ತನ್ನ ರೇಖಾಗಣಿತದ ತರಗತಿಗೆ ಪಠ್ಯಪುಸ್ತಕವನ್ನೇ ಕೊಡಲಿಲ್ಲ. ಮೊದಮೊದಲು ತ್ರಿಭುಜವನ್ನೂ ಬರೆಯಲಿಲ್ಲ. ಶಾಲೆಯಲ್ಲಿ ಉತ್ತಮ ಸಾಧನೆ ತೋರಿದವರಿಗೆ ಬಹುಮಾನ ಕೊಡಬೇಕೆ ಎಂಬ ಚರ್ಚೆಯನ್ನೆತ್ತಿದ. ಹುಡುಗರು ವಾದಕ್ಕಿಳಿದರು. ಕೊನೆಗೆ ‘ಉತ್ತಮ ಸಾಧನೆ’ ಎಂದರೇನೆಂಬುದರಲ್ಲೇ ಒಬ್ಬೊಬ್ಬರದು ಒಂದೊಂದು ಅರ್ಥವೆಂದು ಅವರಿಗೇ ಗೊತ್ತಾಯಿತು. ಲಕ್ಷಣ ಹೇಳದೆ ವಾದ ನಿಲ್ಲದು ಎಂಬುದು ಹೀಗೆ ಮನಸ್ಸಿಗೆ ಬಂದ ಮೇಲೆ ರೇಖೆ, ಕೋನಗಳ ಲಕ್ಷಣಗಳನ್ನು ಅವರೇ ಬರೆದರು. ಯಾವುದನ್ನು ಸ್ವಯಂಸಿದ್ಧವೆಂದು ಒಪ್ಪಬೇಕೆಂದು ಅವರೇ ತೀರ್ಮಾನಿಸಿದರು. ಪ್ರಮೇಯಗಳನ್ನು ಅವರೇ ಕಂಡುಕೊಂಡು, ಪ್ರತಿಯೊಬ್ಬನೂ ತನ್ನ ಪುಸ್ತಕವನ್ನು ತಾನೇ ರಚಿಸಿಕೊಂಡನು. ಜಾಹೀರಾತುಗಳನ್ನೂ ಭಾಷಣಗಳನ್ನೂ ತಂದು, ಇದರಲ್ಲಿ ಬಾಯಿಬಿಟ್ಟು ಹೇಳದೆ ಒಪ್ಪಿಸಿಬಿಟ್ಟ ಮಾತು ಯಾವುದೆಂದು ಹುಡುಕುವುದೂ ಪಾಠದ ಭಾಗ. 1938ರಲ್ಲಿ ಈ ಪ್ರಯೋಗದ ವರದಿ ಅಚ್ಚಾಯಿತು. ಆ ಮಕ್ಕಳು ರೇಖಾಗಣಿತದ ಪರೀಕ್ಷೆಯಲ್ಲಿಯೂ ಹಿಂದೆ ಬೀಳಲಿಲ್ಲ, ಗಣಿತದ ಹೊರಗಿನ ವಿಷಯಗಳಲ್ಲಿಯೂ ವಿಚಾರ ಮಾಡುವುದರಲ್ಲಿ ಮುಂದುವರಿದರು. ಪುಣ್ಯವಂತ ಮಕ್ಕಳು. ಆದರೆ ಒಂದು ತರಗತಿಯಲ್ಲಿ ಅರವತ್ತು ಮಕ್ಕಳಿದ್ದು ಡಿಸೆಂಬರಿನೊಳಗೆ ಪಾಠ ಮುಗಿಸಬೇಕಾದ ಮೇಷ್ಟರಿಗೆ ಇದನ್ನು ಉಪದೇಶ ಮಾಡುವ ಧೈರ್ಯ ನನಗಿಲ್ಲ.

ಹಾಲೆಂಡಿನಲ್ಲಿ ವಾನ್ ಹೀಲ ಎಂಬ ಉಪಾಧ್ಯಾಯ ದಂಪತಿಗಳು 1957ರಲ್ಲಿ ಇನ್ನೊಂದು ಸತ್ಯವನ್ನು ಮುಂದಿಟ್ಟರು. ಮಗು ಮೊದಲು ಆಕೃತಿಯನ್ನು ಮುಖ ಗುರುತು ಹಿಡಿಯುವಂತೆ ಗುರುತಿಸುತ್ತದೆ. ಆಮೇಲೆ ಅದರ ಗುಣಗಳನ್ನು ಕಾಣುತ್ತದೆ. ಒಂದು ಗುಣದಿಂದ ಇನ್ನೊಂದು ಹೊರಡುತ್ತದೆಂಬುದು ಅದರ ನಂತರ. ಸಾಧನೆ ಅದಕ್ಕೂ ಮೇಲಿನ ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ನಿಂತಿರುವ ಮಗುವಿಗೆ ಮೇಲಿನ ಮೆಟ್ಟಿಲಿನ ಭಾಷೆಯಲ್ಲಿ ಪಾಠ ಹೇಳಿದರೆ ಉರುಹೊಡೆಯದೆ ಅದಕ್ಕೆ ಬೇರೆ ಗತಿಯಿಲ್ಲ. 1985ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪರಿಶೀಲನೆಯಲ್ಲಿ, ವರ್ಷಪೂರ್ತಿ ಸಾಧನೆಗಳನ್ನು ಕಲಿತ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಮಾತ್ರ ಅವು ಚೆನ್ನಾಗಿ ಬರೆಯಲು ಬಂದವು. ನಮ್ಮ ಹುಡುಗನ ‘ಪುಸ್ತಕದಲ್ಲಿಲ್ಲ ಸಾರ್’ ಎಂಬ ಮಾತು ಅನೇಕ ದೇಶಗಳ ಮಾತೆಂದಾಯಿತು.

ಮಕ್ಕಳು ಎಡವುವ ಕಲ್ಲು ಬಹುಮಟ್ಟಿಗೆ ಭಾಷೆಯಲ್ಲಿದೆ ಎಂಬುದು ನನ್ನ ಅನುಭವ. ‘ಎಲ್ಲರೂ ಬರಲಿಲ್ಲ’ ಎಂದರೆ ಒಬ್ಬರೂ ಬರಲಿಲ್ಲವೆಂದೋ ಕೆಲವರು ಮಾತ್ರ ಬಂದರೆಂದೋ? ಕನ್ನಡದಲ್ಲಿ ಎರಡೂ ಆಗುತ್ತದೆ, ಗಣಿತದಲ್ಲಿ ಆಗದು. ‘ಮಳೆ ಬಂದರೆ ಅಂಗಳ ನೆನೆಯುತ್ತದೆ’ ಎಂಬುದನ್ನು ಒಪ್ಪಿದ ಮಗು, ಅಂಗಳ ನೆನೆದಿದ್ದರೆ ಮಳೆ ಬಂದಿದೆಯೆಂದು ನಿರ್ಧರಿಸುತ್ತದೆ. ತಾಯಿ ಬೆಳಿಗ್ಗೆ ಎದ್ದು ನೀರು ಚಿಮುಕಿಸಿದ್ದನ್ನು ಮರೆಯುತ್ತದೆ. ಪ್ರಮೇಯವನ್ನೂ ಅದರ ವಿಲೋಮವನ್ನೂ ಒಂದೇ ಎಂದು ತಿಳಿಯುವುದು ಇದೇ ತಪ್ಪು. ನಮ್ಮ ನೈಯಾಯಿಕರಿಗೆ ಇದು ಹಳೆಯ ಗೆಳೆಯ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆ? ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡು ಎನ್ನುತ್ತಾರೆ ಅವರು.

ದೊಡ್ಡವರು ಮಕ್ಕಳನ್ನು ನೋಡಿ ನಗುವ ಮೊದಲು ತಾವೇ ಒಂದು ಪರೀಕ್ಷೆಗೆ ಕುಳಿತುಕೊಳ್ಳಬಹುದು. 1966ರಲ್ಲಿ ಇಂಗ್ಲೆಂಡಿನ ಪೀಟರ್ ವೇಸನ್ ಪ್ರಕಟಿಸಿದ ಪ್ರಶ್ನೆಯನ್ನು ಕನ್ನಡ ಅಕ್ಷರಗಳಿಗೆ ಹೊಂದಿಸಿ ಹೇಳುತ್ತೇನೆ. ಮೇಜಿನ ಮೇಲೆ ನಾಲ್ಕು ಚೀಟಿಗಳಿವೆ. ಪ್ರತಿಯೊಂದಕ್ಕೂ ಒಂದು ಮಗ್ಗುಲಲ್ಲಿ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ಅಂಕೆ. ಮೇಲೆ ಕಾಣುವುದು ಅ, ಕ, 4, 7. ‘ಒಂದು ಮಗ್ಗುಲಲ್ಲಿ ಸ್ವರವಿದ್ದರೆ ಇನ್ನೊಂದರಲ್ಲಿ ಸಮಸಂಖ್ಯೆ ಇರುತ್ತದೆ’ ಎಂಬ ಮಾತು ನಿಜವೋ ಸುಳ್ಳೋ ತಿಳಿಯಲು ಯಾವ ಚೀಟಿಗಳನ್ನು ತಿರುಗಿಸಿ ನೋಡಲೇಬೇಕು? ಹೆಚ್ಚಿನವರು ಅ ಮತ್ತು 4 ಎಂದರು. ಸರಿಯಾದದ್ದು ಅ ಮತ್ತು 7. ನಾಲ್ಕರ ಹಿಂದೆ ಏನೇ ಇರಲಿ, ಮಾತು ಸುಳ್ಳಾಗದು. ಏಳರ ಹಿಂದೆ ಸ್ವರವಿದ್ದರೆ ಸುಳ್ಳಾಗುತ್ತದೆ. ಕಾಲೇಜಿನಲ್ಲಿ ಓದಿದವರಲ್ಲಿಯೂ ಹತ್ತರಲ್ಲಿ ಒಬ್ಬನಿಗೂ ಇದು ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಹೊಳೆದದ್ದು ನನ್ನ ಸೊಸೆಗೆ, ನನಗಲ್ಲ.

ಕೊನೆಯದಾಗಿ ಒಂದು ಸಂಗತಿ. ‘ಲೀಲಾವತಿ’ಯಲ್ಲಿ ಭಾಸ್ಕರನು ಚತುರ್ಭುಜದ ಮಾತು ಬಂದಾಗ ಸಿಟ್ಟಾಗಿದ್ದಾನೆ. ನಾಲ್ಕು ಬಾಹುಗಳ ಅಳತೆ ಮಾತ್ರ ಕೊಟ್ಟು ಕ್ಷೇತ್ರಫಲ ಕೇಳುವವನು ಪಿಶಾಚ. ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚ ಎನ್ನುತ್ತಾನೆ. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ದಾರದಿಂದ ಕಟ್ಟಿ ಒತ್ತಿ ನೋಡಿದರೆ ಕಾರಣ ತಿಳಿಯುತ್ತದೆ: ಬಾಹು ಬದಲಾಗದೆ ಆಕಾರ ಬದಲಾಗುತ್ತದೆ. ಬಾಹುಗಳೆಲ್ಲ 25 ಆದರೂ, ಕರ್ಣಗಳು 30 ಮತ್ತು 40 ಆದಾಗ ಕ್ಷೇತ್ರಫಲ 600. ಕರ್ಣಗಳು 14 ಮತ್ತು 48 ಆದಾಗ 336. ಚೌಕವಾಗಿ ನಿಂತರೆ 625. ಮತ್ತೊಮ್ಮೆ ಒಂಬತ್ತನೆಯ ತರಗತಿಗೆ ಬದಲಿಗೆ ಹೋದಾಗ ನಾನು ಬೇಕೆಂದೇ, “ನಾಲ್ಕು ಬಾಹುಗಳೂ 25, ಕ್ಷೇತ್ರಫಲವೆಷ್ಟು?” ಎಂದು ಕೇಳಿದೆ. ಐವತ್ತು ಕೈಗಳು ಮೇಲೆದ್ದವು: “625 ಸಾರ್!” ಕಿಟಕಿಯ ಪಕ್ಕದಲ್ಲಿ ಒಬ್ಬ ಹುಡುಗಿ ಮಾತ್ರ ಕೈಯೆತ್ತದೆ ಕುಳಿತಿದ್ದಳು. ಏಕಮ್ಮ ಎಂದೆ. ಮೆಲ್ಲಗೆ ಎದ್ದು, “ನೀವು ಚೌಕ ಅಂತ ಹೇಳಲೇ ಇಲ್ಲವಲ್ಲ ಸಾರ್” ಎಂದಳು. ನಾನು ಭಾಸ್ಕರನ ಪಿಶಾಚಗಳ ಕಥೆಯನ್ನು ಹೇಳಿದೆ. ತರಗತಿಗೆ ಬಹಳ ಸಂತೋಷವಾಯಿತು.

ಎರಡು ದಿನ ಕಳೆದು ಗಣಿತದ ಮೇಷ್ಟರು ಉಪಾಧ್ಯಾಯರ ಕೊಠಡಿಗೆ ಬಂದವರೇ, “ಏನು ಪಂಡಿತರೆ, ನೀವು ಮಾಡಿದ ಕೆಲಸ ನೋಡಿ. ಇವತ್ತು ಹಲಗೆಯ ಮೇಲೆ ಲೆಕ್ಕ ಬರೆದ ಕೂಡಲೆ, ‘ಇದಕ್ಕೆ ದತ್ತ ಸಾಕೆ ಸಾರ್?’ ಅಂತ ಕೇಳುತ್ತಾರೆ” ಎಂದರು.

“ಸಾಕಾಗಿತ್ತೆ?” ಎಂದೆ.

ಅವರು ನಕ್ಕು, ಕುರ್ಚಿ ಎಳೆದುಕೊಂಡು ಕುಳಿತರು. “ಇರಲಿಲ್ಲ ಪಂಡಿತರೆ” ಎಂದರು.